ಆರನೇ ನಂಬರಿನ ಪೊಟ್ಟಣ

ಕಳೆದ ತಿಂಗಳು ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಮೊಮ್ಮಗ ಅದೇ ಮೇಜಿನ ಮೇಲೆ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕ ಹರಡಿಕೊಂಡು ಕುಳಿತ. ಅವನೀಗ ದ್ವಿತೀಯ ಪಿಯುಸಿ. ಮೂವತ್ತೈದು ವರ್ಷ ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕಿದವನಿಗೆ ಸುಮ್ಮನಿರಲಾದೀತೇ? ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದೆ. ಕೊಟ್ಟಿರುವ ಸಾವಯವ ಸಂಯುಕ್ತದಲ್ಲಿರುವ ಕ್ರಿಯಾಗುಂಪನ್ನು ಪತ್ತೆಹಚ್ಚುವ ಪ್ರಯೋಗ. ಪರೀಕ್ಷೆ, ವೀಕ್ಷಣೆ, ತೀರ್ಮಾನ ಎಂಬ ಮೂರು ಕಾಲಂಗಳೂ ತುಂಬಿದ್ದವು. ಅಕ್ಷರ ಮುದ್ದಾಗಿತ್ತು. ಒಂದು ಚಿತ್ತೂ ಇರಲಿಲ್ಲ.

“ಯಾವತ್ತು ಮಾಡಿದೆಯಪ್ಪ ಈ ಪ್ರಯೋಗ?” ಎಂದೆ.

“ನಾಳೆ ಮಾಡೋದು ತಾತ.”

“ಮತ್ತೆ ವೀಕ್ಷಣೆ ಬರೆದಾಗಿದೆಯಲ್ಲ?”

“ಬರ್ಕೊಂಡು ಹೋದ್ರೆ ಬೇಗ ಮುಗಿಯತ್ತೆ. ನಾಳೆ ಬೆಂಜೋಯಿಕ್ ಆಸಿಡ್ ಅಂತೆ. ವಾಟ್ಸಾಪಲ್ಲಿ ಬಂದಿದೆ.”

ನಾನು ಬಯ್ಯಲಿಲ್ಲ. ಬಯ್ಯುವ ಅಧಿಕಾರ ನನಗಿದೆಯೇ ಎಂಬ ಅನುಮಾನ ಆಗಲೇ ಒಳಗೆ ಎದ್ದಿತ್ತು. ಅದೇಕೆ ಎಂಬುದನ್ನು ಹೇಳುವುದಕ್ಕಾಗಿಯೇ ಇಂದು ಬರೆಯುತ್ತಿದ್ದೇನೆ.

ವಿಜ್ಞಾನ ಬಿಟ್ಟು ಬಹಳ ವರ್ಷಗಳಾದ ಬಂಧುಗಳಿಗಾಗಿ ಈ ಪ್ರಯೋಗದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ವಿದ್ಯಾರ್ಥಿಯ ಕೈಗೆ ಒಂದು ಬಿಳಿ ಪುಡಿಯನ್ನೋ ಬಣ್ಣವಿಲ್ಲದ ದ್ರವವನ್ನೋ ಕೊಡುತ್ತಾರೆ. ಹೆಸರು ಹೇಳುವುದಿಲ್ಲ. ಅವನು ಅದರ ರೂಪ ನೋಡಬೇಕು, ದೂರದಿಂದ ಕೈಬೀಸಿ ವಾಸನೆ ಗ್ರಹಿಸಬೇಕು, ನೀರಿನಲ್ಲಿ ಕರಗುತ್ತದೆಯೇ ಎಂದು ಪರೀಕ್ಷಿಸಬೇಕು. ಚೂರನ್ನು ಜ್ವಾಲೆಗೆ ಹಿಡಿದಾಗ ನಮ್ಮ ಮನೆಯ ಕರ್ಪೂರದಂತೆ, ನುಸಿಗುಳಿಗೆಯಂತೆ ಮಸಿ ಹೊಗೆ ಬಿಟ್ಟು ಉರಿದರೆ ಅದರಲ್ಲಿ ಇಂಗಾಲದ ಪಾಲು ಹೆಚ್ಚು ಎಂದು ಒಂದು ಗುಮಾನಿ ಇಟ್ಟುಕೊಳ್ಳಬೇಕು. ಆಮೇಲೆ ಒಂದೊಂದೇ ಪ್ರನಾಳ. ಅಡುಗೆ ಸೋಡದ ದ್ರಾವಣಕ್ಕೆ ಹಾಕಿದೊಡನೆ ಭುಸ್ಸೆಂದು ಗುಳ್ಳೆಯೆದ್ದರೆ ಕಾರ್ಬಾಕ್ಸಿಲಿಕ್ ಆಮ್ಲವಿರಬಹುದು. ತಟಸ್ಥ ಫೆರಿಕ್ ಕ್ಲೋರೈಡ್ ಹಾಕಿದಾಗ ನೇರಳೆ ಬಣ್ಣ ಬಂದರೆ ಫೀನಾಲ್ ಇರಬಹುದು. ಬ್ರೋಮಿನ್ ನೀರಿನ ಕೆಂಗಂದು ಬಣ್ಣ ಮಾಯವಾದರೆ ದ್ವಿಬಂಧವನ್ನು ಶಂಕಿಸಬೇಕು. ಆಗಷ್ಟೇ ತಯಾರಿಸಿದ ಟಾಲೆನ್ಸ್ ದ್ರಾವಣದಿಂದ ಪ್ರನಾಳದ ಒಳಗೋಡೆಗೆ ಬೆಳ್ಳಿಯ ಕನ್ನಡಿ ಕೂತರೆ ಆಲ್ಡಿಹೈಡ್. ‘ಇರಬಹುದು’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ.

ಆ ‘ಇರಬಹುದು’ ನನಗೆ ಅರ್ಥವಾದದ್ದು ಮೈಸೂರಿನಲ್ಲಿ, ಬಿ.ಎಸ್ಸಿ. ಕೊನೆಯ ವರ್ಷದಲ್ಲಿ, 1979ರಲ್ಲಿ. ನನ್ನ ಪುಡಿ ಸೋಡದಲ್ಲಿ ಗುಳ್ಳೆ ಬಿಟ್ಟಿತು, ಬರೆದುಕೊಂಡೆ. ಫೆರಿಕ್ ಕ್ಲೋರೈಡಿನಲ್ಲಿ ಸೊಗಸಾದ ನೇರಳೆ ಬಂತು. ಆ ಬಣ್ಣ ಕಂಡ ಸಂತೋಷದಲ್ಲಿ ‘ಫೀನಾಲ್’ ಎಂದು ಬರೆದು ಅಧ್ಯಾಪಕರ ಮುಂದೆ ಹಿಡಿದೆ. ಅವರು ಬೆರಳಿಟ್ಟು, “ಮೇಲಿನ ಸಾಲು ಬರೆದವರು ಯಾರು?” ಎಂದು ಕೇಳಿದರು. ಸಾಮಾನ್ಯ ಫೀನಾಲು ಸೋಡದಲ್ಲಿ ಗುಳ್ಳೆ ಬಿಡುವುದಿಲ್ಲ. ನನ್ನ ಪೊಟ್ಟಣದಲ್ಲಿದ್ದದ್ದು ಸ್ಯಾಲಿಸಿಲಿಕ್ ಆಮ್ಲ. ಅದರಲ್ಲಿ ಎರಡೂ ಗುಂಪುಗಳಿವೆ. ನನ್ನ ಕೈಯಾರೆ ಬರೆದ ಸಾಲನ್ನು ನಾನೇ ನಂಬಿರಲಿಲ್ಲ.

ಈ ಪರೀಕ್ಷೆಗಳನ್ನು ಕಂಡುಹಿಡಿದವರ ಕಾಲದಲ್ಲಿ ಪುಸ್ತಕದ ಹಿಂಬದಿಯಲ್ಲಿ ಉತ್ತರಗಳಿರಲಿಲ್ಲ. ಲೀಬಿಗ್ 1835ರಲ್ಲಿ ಆಲ್ಡಿಹೈಡಿನಿಂದ ಗಾಜಿನ ಮೇಲೆ ಬೆಳ್ಳಿ ಕೂರುವುದನ್ನು ಕಂಡರು. ಲ್ಯಾಸೇನ್ 1843ರಲ್ಲಿ ಸಾರಜನಕವನ್ನು ಪತ್ತೆಹಚ್ಚುವ ದಾರಿ ಹೇಳಿದರು. ಫೇಲಿಂಗ್ ತಮ್ಮ ನೀಲಿ ದ್ರಾವಣವನ್ನು ಪ್ರಕಟಿಸಿದ್ದು 1849ರಲ್ಲಿ. ಇವರ ಮುಂದಿದ್ದ ಸೀಸೆಯಲ್ಲಿ ಏನಿದೆ ಎಂಬುದು ಹಲವು ವೇಳೆ ಅವರಿಗೂ ತಿಳಿದಿರಲಿಲ್ಲ, ಪಕ್ಕದ ಮನೆಯವನಿಗೂ ತಿಳಿದಿರಲಿಲ್ಲ. ನಾವು ಶಾಲೆಯಲ್ಲಿ ಆ ಸ್ಥಿತಿಯನ್ನು ಒಂದು ಗಂಟೆಯ ಮಟ್ಟಿಗೆ ಮಗುವಿಗೆ ಒದಗಿಸುತ್ತೇವೆ. ಈ ಪ್ರಯೋಗದ ಬೆಲೆಯೆಲ್ಲ ಇರುವುದು ಅಲ್ಲೇ ಎಂದು ನನ್ನ ನಂಬಿಕೆ.

ನಿಜವಾದ ಅಜ್ಞಾತ ಪರೀಕ್ಷೆಯನ್ನು ನಾನು ಮೊದಲು ನೋಡಿದ್ದು ಶಾಲೆಯಲ್ಲಲ್ಲ, ನಮ್ಮ ಮನೆಯ ಹಿತ್ತಲ ಜಗುಲಿಯಲ್ಲಿ. ತಂದೆಯವರಿಗೆ ಸಕ್ಕರೆ ಕಾಯಿಲೆ. ಬೆರಳು ಚುಚ್ಚಿ ನೋಡುವ ಯಂತ್ರಗಳು ನಮ್ಮಂಥವರ ಮನೆಗೆ ಬಂದಿರದ ಕಾಲ. ವೈದ್ಯರು ಬೆನೆಡಿಕ್ಟ್ ದ್ರಾವಣದ ಒಂದು ಸೀಸೆ, ಒಂದು ಪ್ರನಾಳ, ಒಂದು ಸ್ಪಿರಿಟ್ ದೀಪ ತರಿಸಿಕೊಟ್ಟಿದ್ದರು. ಐದು ಮಿಲಿಲೀಟರ್ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಹಳದಿ, ಕಿತ್ತಳೆ ದಾಟಿ ಇಟ್ಟಿಗೆ ಕೆಂಪಿಗೆ ಬಂದರೆ ತುಂಬ ಇದೆ ಎಂದರ್ಥ. ಬಣ್ಣ ನೋಡುವ ಕೆಲಸ ಅಮ್ಮನದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ತಂದೆಯವರು ವಿದ್ಯಾವಂತರು, ಹಬ್ಬದ ಮಾರನೆಯ ದಿನ ಪ್ರನಾಳವನ್ನು ಬೆಳಕಿಗೆ ಹಿಡಿದು, “ಇದು ಹಳದಿಯೇ ಕಣೇ” ಎಂದು ವಾದಿಸುತ್ತಿದ್ದರು. ಅಮ್ಮ ಮಾತ್ರ, “ನೀವು ಏನಾದರೂ ಅನ್ನಿ, ಇದು ಹೆಂಚಿನ ಬಣ್ಣ” ಎಂದು ಪ್ರನಾಳವನ್ನು ತೊಳೆದಿಡುತ್ತಿದ್ದರು. ಆ ದಿನ ಅವರಿಗೆ ಕಾಫಿಗೆ ಸಕ್ಕರೆಯಿಲ್ಲ. ಏನು ಬರಬೇಕು ಎಂಬುದು ಅಮ್ಮನಿಗೆ ಮೊದಲೇ ಗೊತ್ತಿರುತ್ತಿರಲಿಲ್ಲ. ಗೊತ್ತಾಗಬೇಕೆಂದು ಅವರು ಬಯಸಲೂ ಇಲ್ಲ.

ನಾನು ಶಿಕ್ಷಕನಾದ ಮೇಲೆ ಈ ನೆನಪೇ ನನ್ನನ್ನು ಒಂದು ಕೆಲಸಕ್ಕೆ ಹಚ್ಚಿತು. ನಮ್ಮದು ಹೋಬಳಿ ಕೇಂದ್ರದ ಪ್ರೌಢಶಾಲೆ. ಬ್ರೋಮಿನ್, ಸೋಡಿಯಂ ಲೋಹ ಇವೆಲ್ಲ ನಮಗೆ ಇರಲಿಲ್ಲ, ಇರಬಾರದು ಕೂಡ. ಆದರೆ ಹತ್ತನೇ ತರಗತಿಯ ಮಕ್ಕಳಿಗೆ ಅಡುಗೆಮನೆಯ ಸಾವಯವ ವಸ್ತುಗಳೇ ಸಾಕಲ್ಲವೇ? ಅಕ್ಕಿ ಹಿಟ್ಟು, ಗ್ಲೂಕೋಸ್, ಕುಟ್ಟಿದ ಸಕ್ಕರೆ, ಸಿಟ್ರಿಕ್ ಆಮ್ಲ, ಒಣಗಿಸಿ ಪುಡಿಮಾಡಿದ ಮೊಟ್ಟೆಯ ಬಿಳಿಭಾಗ, ಹೊಲಕ್ಕೆ ಹಾಕುವ ಯೂರಿಯ. ಎಲ್ಲವೂ ಹೆಚ್ಚುಕಡಿಮೆ ಬಿಳಿ. ಅಯೋಡಿನ್, ಬೆನೆಡಿಕ್ಟ್, ಸೋಡ, ಲಿಟ್ಮಸ್, ಮೈಲುತುತ್ತ ಮತ್ತು ಕಾಸ್ಟಿಕ್ ಸೋಡ ಇಷ್ಟರಲ್ಲಿ ಬಹುತೇಕ ಎಲ್ಲವನ್ನೂ ಬೇರ್ಪಡಿಸಬಹುದು. ಹಳೆಯ ಪರೀಕ್ಷಾ ಪತ್ರಿಕೆಯ ಹಾಳೆ ಹರಿದು ಪೊಟ್ಟಣ ಕಟ್ಟಿ, ನಂಬರು ಬರೆದು, ಇಪ್ಪತ್ತು ಮಂದಿಯ ತಂಡಕ್ಕೆ ಒಬ್ಬರಿಗೊಂದರಂತೆ ಹಂಚುತ್ತಿದ್ದೆ. ಹತ್ತು ಅಂಕ. ನಿಮ್ಮಲ್ಲಿ ಅನೇಕರಿಗೆ ಈ ಪೊಟ್ಟಣಗಳ ನೆನಪಿರಬೇಕು. ಅಕ್ಕಿ ಹಿಟ್ಟಿಗೆ ಅಯೋಡಿನ್ ಹಾಕಿದಾಗ ಬಂದ ಕಡುನೀಲಿ, ಕಾಯಿಸಿದರೆ ಮಾಯವಾಗಿ ಆರಿಸಿದರೆ ಮತ್ತೆ ಬರುವುದನ್ನು ಕಂಡು ನೀವು ಕೂಗಿಕೊಂಡಾಗ ಪಕ್ಕದ ತರಗತಿಯ ಕನ್ನಡ ಪಂಡಿತರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದುದೂ ನೆನಪಿರಬಹುದು.

1994ರ ತಂಡದವರಿಗೆ ನಾನು ಹೇಳಬೇಕಾದ ಒಂದು ಮಾತಿದೆ. ಮೂವತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಆ ದಿನ ಆರನೇ ನಂಬರಿನ ಪೊಟ್ಟಣ ಒಬ್ಬ ಹುಡುಗಿಗೆ, ಒಂಬತ್ತನೆಯದು ಒಬ್ಬ ಹುಡುಗನಿಗೆ ಹೋಯಿತು. ಹೆಸರು ಬರೆಯುವುದಿಲ್ಲ, ಇಬ್ಬರೂ ಈಗ ಮಕ್ಕಳನ್ನು ಓದಿಸುತ್ತಿರುವವರು. ನನ್ನ ಪಟ್ಟಿಯ ಪ್ರಕಾರ ಆರು ಎಂದರೆ ಸಕ್ಕರೆ, ಒಂಬತ್ತು ಎಂದರೆ ಗ್ಲೂಕೋಸ್. ಬೆನೆಡಿಕ್ಟ್ ದ್ರಾವಣದಲ್ಲಿ ಗ್ಲೂಕೋಸ್ ಕೆಂಪಾಗಬೇಕು. ಸಕ್ಕರೆ ನೀಲಿಯಾಗಿಯೇ ಉಳಿಯಬೇಕು, ಏಕೆಂದರೆ ಸಕ್ಕರೆಯು ತಾಮ್ರವನ್ನು ಅಪಕರ್ಷಿಸಲಾರದು. ಹುಡುಗಿ ಬರೆದಿದ್ದಳು: ಅಯೋಡಿನ್, ಬದಲಾವಣೆ ಇಲ್ಲ. ಸೋಡ, ಬದಲಾವಣೆ ಇಲ್ಲ. ಬೆನೆಡಿಕ್ಟ್, ಮೊದಲು ಹಸಿರು, ಆಮೇಲೆ ಹಳದಿ, ಸ್ವಲ್ಪ ಹೊತ್ತಿಗೆ ಇಟ್ಟಿಗೆ ಕೆಂಪು, ತಳದಲ್ಲಿ ಪುಡಿ ನಿಂತಿತು. ವಸ್ತು: ಗ್ಲೂಕೋಸ್.

ನಾನು ಪಟ್ಟಿ ನೋಡಿದೆ. “ಇದು ಪಕ್ಕದವರದ್ದು ನೋಡಿ ಬರೆದದ್ದಲ್ಲವೇನಮ್ಮ?” ಎಂದೆ.

“ಇಲ್ಲ ಸರ್. ಕೆಂಪು ಬಂತು ಸರ್.”

“ಬರಲು ಸಾಧ್ಯವೇ ಇಲ್ಲ” ಎಂದೆ. ಇಡೀ ತರಗತಿಯ ಮುಂದೆ ಹೇಳಿದೆ. ಅವಳು ಪ್ರನಾಳ ತೋರಿಸಲು ತಿರುಗಿದಳು. ಅಷ್ಟರಲ್ಲಿ ಅಟೆಂಡರ್ ಎಲ್ಲ ಪ್ರನಾಳಗಳನ್ನೂ ಬಕೆಟ್ಟಿಗೆ ಹಾಕಿ ತೊಳೆಯಲು ಒಯ್ದಿದ್ದ. ಹತ್ತಕ್ಕೆ ಮೂರು ಅಂಕ ಕೊಟ್ಟೆ. ಹುಡುಗ ‘ಬೆನೆಡಿಕ್ಟ್, ಇಟ್ಟಿಗೆ ಕೆಂಪು, ಗ್ಲೂಕೋಸ್’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದ. ಅವನಿಗೆ ಹತ್ತಕ್ಕೆ ಹತ್ತು.

ನಾಲ್ಕೈದು ದಿನಗಳ ನಂತರ ಮುಂದಿನ ತಂಡಕ್ಕೆ ಉಳಿದ ಪುಡಿಗಳನ್ನು ಮತ್ತೆ ಕಟ್ಟುತ್ತ ಕುಳಿತಿದ್ದಾಗ ಆರನೇ ಪೊಟ್ಟಣದ ತಳದಲ್ಲಿ ಚಿಟಿಕೆಯಷ್ಟು ಪುಡಿ ಉಳಿದಿರುವುದು ಕಂಡಿತು. ಅವಳ ಮುಖ ನೆನಪಾಗಿ ಸುಮ್ಮನೆ ಕುದಿಸಿ ನೋಡಿದೆ. ಹಸಿರು. ಹಳದಿ. ಕೆಂಪು. ಅವಳು ಬರೆದ ಕ್ರಮದಲ್ಲೇ. ಒಂಬತ್ತನೆಯದನ್ನು ಕುದಿಸಿದೆ, ನೀರು ಬತ್ತುವವರೆಗೂ ನೀಲಿ ಬಿಡಲಿಲ್ಲ. ಆಗ ಪೊಟ್ಟಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ನಾನು ನಂಬರು ಬರೆಯುತ್ತಿದ್ದದ್ದು ಕನ್ನಡ ಅಂಕಿಯಲ್ಲಿ. ಅವಸರದಲ್ಲಿ ಬರೆದ ನನ್ನ ೬ ಮತ್ತು ೯ ಒಂದರ ಕನ್ನಡಿಯ ಬಿಂಬ ಇನ್ನೊಂದರಂತಿದ್ದವು. ಪಟ್ಟಿಗೆ ಏರಿಸುವಾಗ ಅದಲುಬದಲು ಮಾಡಿಕೊಂಡವನು ನಾನೇ.

ಎರಡನೆಯ ಸಂಗತಿ ಹೊಳೆಯಲು ಇನ್ನಷ್ಟು ಹೊತ್ತು ಹಿಡಿಯಿತು. ಒಂಬತ್ತರಲ್ಲಿ ಸಕ್ಕರೆಯಿತ್ತಾದರೆ ಹುಡುಗನ ಪ್ರನಾಳ ಕೆಂಪಾಗಿರಲು ಸಾಧ್ಯವಿಲ್ಲ. ಅವನು ತನ್ನೆದುರಿನ ನೀಲಿಯನ್ನು ನೋಡಿಕೊಂಡೇ ಕೆಂಪು ಎಂದು ಬರೆದಿದ್ದ. ಪಟ್ಟಿ ಹಾಜರಿ ಪುಸ್ತಕದ ಅಡಿಯಲ್ಲಿ ಅರ್ಧ ಹೊರಗೆ ಇಣುಕುತ್ತಿತ್ತೆಂದು ನನಗೆ ಆಮೇಲೆ ನೆನಪಾಯಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಶಾಲೆಯಲ್ಲಿ ಏನು ಬೇಕಾಗಿದೆ ಎಂಬುದನ್ನು ಅವನು ನನಗಿಂತ ಸರಿಯಾಗಿ ತಿಳಿದಿದ್ದ. ಸಿಟ್ಟಿರುವುದು ನನ್ನ ಮೇಲೆ. ಕದ್ದು ಬರೆಯುವವರು ಯಾರಾದರೂ ‘ಮೊದಲು ಹಸಿರು, ಆಮೇಲೆ ಹಳದಿ’ ಎಂದು ಬರೆಯುತ್ತಾರೆಯೇ? ಕಂಡವರು ಮಾತ್ರ ಹಾಗೆ ಬರೆಯಬಲ್ಲರು. ಹನ್ನೊಂದು ವರ್ಷ ಪಾಠ ಮಾಡಿದವನಿಗೆ ಅಷ್ಟು ತಿಳಿಯಬೇಕಾಗಿತ್ತು.

ಅಂಕದ ಪುಸ್ತಕದಲ್ಲಿ ಮೂರನ್ನು ಹತ್ತು ಮಾಡಿದೆ. ಹುಡುಗನ ಹತ್ತನ್ನು ಮುಟ್ಟಲಿಲ್ಲ, ಏಕೆಂದರೆ ಮುಟ್ಟಿದರೆ ಕಾರಣ ಹೇಳಬೇಕಾಗುತ್ತಿತ್ತು. ತರಗತಿಯಲ್ಲಿ ಏನೂ ಹೇಳಲಿಲ್ಲ. ಅವಮಾನ ಮಾಡಿದ್ದು ಎಲ್ಲರೆದುರು, ತಿದ್ದಿದ್ದು ಸ್ಟಾಫ್ ರೂಮಿನ ಮೂಲೆಯಲ್ಲಿ. ಅವಳು ಆ ವರ್ಷದ ಉಳಿದ ಪ್ರಯೋಗಗಳಲ್ಲೆಲ್ಲ ಪಠ್ಯಪುಸ್ತಕದಲ್ಲಿದ್ದುದನ್ನೇ ಬರೆದಳು. ನಾನು ಅದಕ್ಕೆಲ್ಲ ‘ಉತ್ತಮ’ ಎಂದು ಕೆಂಪು ಶಾಯಿಯಲ್ಲಿ ಬರೆದೆ.

ತಾಯಿ, ಇದನ್ನು ಓದುತ್ತಿದ್ದರೆ, ನೀನು ಕಂಡದ್ದು ಸರಿ. ಅಂದು ಕೆಂಪೇ ಬಂದಿತ್ತು.

ಹೀಗಾಗಿ ನನ್ನ ಅಭಿಪ್ರಾಯ ಸಾಮಾನ್ಯವಾಗಿ ಹಿರಿಯರು ಹೇಳುವುದಕ್ಕಿಂತ ಸ್ವಲ್ಪ ಬೇರೆ. ಮಕ್ಕಳು ಮೋಸ ಮಾಡುತ್ತಾರೆ, ಅಟೆಂಡರ್ ಹೆಸರು ಹೇಳಿಬಿಡುತ್ತಾನೆ, ವಾಟ್ಸಾಪ್ ಬಂದು ಕೆಟ್ಟಿತು ಎಂದು ಗೊಣಗುವುದರಲ್ಲಿ ಅರ್ಥವಿಲ್ಲ. ವಾಟ್ಸಾಪ್ ಇಲ್ಲದ ಕಾಲದಲ್ಲೂ ಪಟ್ಟಿ ಹಾಜರಿ ಪುಸ್ತಕದ ಅಡಿಯಿಂದ ಇಣುಕುತ್ತಿತ್ತು. ಅಜ್ಞಾತ ವಸ್ತು ವಿದ್ಯಾರ್ಥಿಗೆ ಅಜ್ಞಾತವಾಗಿದ್ದರೆ ಸಾಲದು, ಅಂಕ ಹಾಕುವ ಶಿಕ್ಷಕನಿಗೂ ಅಜ್ಞಾತವಾಗಿರಬೇಕು ಎಂಬುದು ನನ್ನ ವಾದ. ಪಟ್ಟಿ ಕೈಯಲ್ಲಿರುವ ಮೇಷ್ಟ್ರು ಪ್ರನಾಳವನ್ನು ನೋಡುವುದೇ ಇಲ್ಲ. ಪೊಟ್ಟಣ ಕಟ್ಟುವವರು ಬೇರೆ, ಮೌಲ್ಯಮಾಪನ ಮಾಡುವವರು ಬೇರೆ ಇರಲಿ. ಪಟ್ಟಿ ಮುಚ್ಚಿದ ಲಕೋಟೆಯಲ್ಲಿದ್ದು ಅಂಕ ಹಾಕಿದ ಮೇಲೆ ತೆರೆಯಲಿ. ಹತ್ತರಲ್ಲಿ ಎಂಟು ಅಂಕ ವೀಕ್ಷಣೆಗೆ ಮತ್ತು ಆ ವೀಕ್ಷಣೆಯಿಂದ ಹೊರಡುವ ತೀರ್ಮಾನಕ್ಕೆ ಇರಲಿ, ಹೆಸರಿಗೆ ಎರಡು ಸಾಕು. ‘ಇಷ್ಟು ಪರೀಕ್ಷೆಗಳಿಂದ ನಿರ್ಧರಿಸಲಾಗಲಿಲ್ಲ’ ಎಂದು ಬರೆದ ಮಗುವಿಗೂ ಆ ಎಂಟು ಸಿಗುವಂತಿರಬೇಕು. 1994ರ ನಂತರ ನಿವೃತ್ತಿಯವರೆಗೆ, ಅಂದರೆ 2018ರವರೆಗೆ, ನಮ್ಮ ಶಾಲೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದವರು ಗಣಿತದ ಮೇಷ್ಟ್ರು. ಏಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲವರು ಹೇಳುತ್ತಾರೆ, ಈ ಪರೀಕ್ಷೆಗಳ ಕಾಲವೇ ಮುಗಿಯಿತು ಎಂದು. ಸಂಶೋಧನಾಲಯಗಳಲ್ಲಿ ಕೆಲಸ ಮಾಡುವ ನನ್ನ ವಿದ್ಯಾರ್ಥಿಗಳೇ ಹೇಳಿದ್ದಾರೆ: ಅವಕೆಂಪು ರೋಹಿತ, ಎನ್.ಎಂ.ಆರ್., ಮಾಸ್ ಸ್ಪೆಕ್ಟ್ರಮ್ ಇರುವಾಗ ಫೆರಿಕ್ ಕ್ಲೋರೈಡ್ ಹನಿ ಹಾಕಿಕೊಂಡು ಕೂರುವವರು ಯಾರು ಸರ್? ಒಪ್ಪಿದೆ. ಆದರೆ ಆ ಯಂತ್ರದ ಗೆರೆಯನ್ನು ನೋಡುವಾಗಲೂ ‘ಇಲ್ಲಿ ಇರಬೇಕಾಗಿತ್ತು’ ಎಂದು ಇಲ್ಲದ ಗೆರೆಯನ್ನು ಕಾಣುವ ಕಣ್ಣೊಂದಿರುತ್ತದೆಯಲ್ಲ, ಅದನ್ನು ತಿದ್ದುವುದು ಎಲ್ಲಿ? ಅಪಾಯದ ಮಾತನ್ನೂ ಒಪ್ಪುತ್ತೇನೆ. ಸೋಡಿಯಂ ಲೋಹವನ್ನು ಕಾಯಿಸುವುದು, ಕ್ಲೋರೋಫಾರ್ಮ್ ಹಾಕಿ ಕಾರ್ಬೈಲಮೀನಿನ ದುರ್ನಾತ ಎಬ್ಬಿಸುವುದು ಇವು ಮಕ್ಕಳಿಗೆ ಬೇಡ. ಟಾಲೆನ್ಸ್ ದ್ರಾವಣವನ್ನು ಮಾಡಿಟ್ಟುಕೊಂಡರೆ ಸಿಡಿಯುವ ವಸ್ತು ಉಂಟಾಗುತ್ತದೆ. ಆ ದಿನದ್ದನ್ನು ಆ ದಿನವೇ ಚೆಲ್ಲಬೇಕು. ಇನ್ನು ಕಂಪ್ಯೂಟರ್ ಪರದೆಯ ಮೇಲಿನ ಪ್ರಯೋಗಶಾಲೆ. ಕೋವಿಡ್ಡಿನ 2020, 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಅದರಿಂದ ಉಪಕಾರವಾಯಿತು, ಇಲ್ಲವೆನ್ನಲಾರೆ. ಆದರೆ ಪರದೆಯ ಗ್ಲೂಕೋಸ್ ಪ್ರತಿ ಸಲವೂ ಕೆಂಪಾಗುತ್ತದೆ. ತೊಳೆಯದ ಪ್ರನಾಳ ಅಲ್ಲಿಲ್ಲ, ಹಳಸಿದ ದ್ರಾವಣವಿಲ್ಲ, ನಂಬರು ತಪ್ಪು ಬರೆಯುವ ಮೇಷ್ಟ್ರೂ ಇಲ್ಲ.

ಇಷ್ಟಕ್ಕೂ ಇದು ವಿಜ್ಞಾನಿಗಳಾಗುವವರಿಗೆ ಮಾತ್ರ ಬೇಕಾದದ್ದೇನಲ್ಲ. ಖೋವಾಕ್ಕೆ ಹಿಟ್ಟು ಬೆರೆಸಿದ್ದಾರೆಯೇ ಎಂದು ಮನೆಯಲ್ಲೇ ನೋಡಲು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಕೈಪಿಡಿಯಲ್ಲಿ ಹೇಳಿರುವುದು ಇದೇ ಅಯೋಡಿನ್ ಪರೀಕ್ಷೆಯನ್ನು: ನೀರು ಬೆರೆಸಿ ಕುದಿಸಿ, ಆರಿಸಿ, ಎರಡು ಮೂರು ಹನಿ ಹಾಕಿ ನೀಲಿ ಬರುತ್ತದೆಯೇ ಎಂದು ನೋಡುವುದು. ಕುದಿಸಿ ಆರಿಸದೆ ಬಿಸಿಯಾಗಿರುವಾಗಲೇ ಹಾಕಿದರೆ ಏಕೆ ಮೋಸಹೋಗುತ್ತೇವೆ ಎಂಬುದನ್ನು ಅಕ್ಕಿ ಹಿಟ್ಟಿನ ಪೊಟ್ಟಣ ಸಿಕ್ಕಿದ್ದವರು ಈಗಲೂ ಹೇಳಬಲ್ಲರು.

ಮೊಮ್ಮಗನ ಕಥೆಗೆ ಮರಳುತ್ತೇನೆ. ಆ ರಾತ್ರಿ ಮಗಳಿಗೆ ಹೇಳಿ ಅಡುಗೆಮನೆಯಿಂದ ನಾಲ್ಕು ಬಿಳಿ ಪುಡಿಗಳನ್ನು ಕಟ್ಟಿಸಿದೆ. ಯಾವುದು ಯಾವುದೆಂದು ನನಗೂ ಹೇಳಬಾರದೆಂದು ತಾಕೀತು ಮಾಡಿದೆ. ಔಷಧದ ಅಂಗಡಿಯ ಟಿಂಚರ್ ಅಯೋಡಿನ್, ಅಡುಗೆ ಸೋಡ, ನೀರು ಇಷ್ಟೇ ಸಲಕರಣೆ. ತಾತ ಮೊಮ್ಮಗ ಇಬ್ಬರೂ ಸ್ಟೀಲ್ ಬಟ್ಟಲುಗಳ ಮುಂದೆ ಕುಳಿತೆವು. ಒಂದು ನೀಲಿಯಾಯಿತು, ಒಂದು ಸೋಡದಲ್ಲಿ ಬುಸುಗುಟ್ಟಿತು, ಉಳಿದೆರಡು ಏನು ಮಾಡಿದರೂ ಜಪ್ಪಯ್ಯ ಎನ್ನಲಿಲ್ಲ. ಹುಡುಗ ಅರ್ಧ ಗಂಟೆ ಪ್ರಯತ್ನಿಸಿ, “ಇವೆರಡು ಗೊತ್ತಾಗ್ತಿಲ್ಲ ತಾತ, ಏನು ಬರೀಲಿ?” ಎಂದ. ಅದನ್ನೇ ಬರಿ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಅಮ್ಮನ ಕಡೆ ಕಣ್ಣು ಹಾಯಿಸಿದ. ಅವಳು ಬಾಯಿ ಬಿಡಲಿಲ್ಲ. ಒಂದು ಸಕ್ಕರೆ, ಇನ್ನೊಂದು ಗ್ಲೂಕೋಸ್ ಎಂದು ಅವಳು ಹೇಳಿದ್ದು ಮರುದಿನ ಬೆಳಿಗ್ಗೆ. ಯಾವ ಪೊಟ್ಟಣ ಯಾವುದೆಂದು ಇನ್ನೂ ಹೇಳಿಲ್ಲ. ಕಾಲೇಜಿನಲ್ಲಿ ಅಂದು ಬೆಂಜೋಯಿಕ್ ಆಮ್ಲವೇ ಬಂತಂತೆ. ರೆಕಾರ್ಡಿಗೆ ಸಹಿಯೂ ಬಿತ್ತು.

ಮುಂದಿನ ಸಲ ಹೋಗುವಾಗ ಬೆನೆಡಿಕ್ಟ್ ದ್ರಾವಣ ಒಯ್ಯಬೇಕು. ನಿಮ್ಮಲ್ಲಿ ಶಿಕ್ಷಕರಾಗಿರುವವರು ಅನೇಕರಿದ್ದೀರಿ. ನಿಮಗೂ ಉಪಯೋಗಕ್ಕೆ ಬರಲಿ ಎಂದು ಅಳತೆಯನ್ನು ಇಲ್ಲಿ ಬರೆದಿಡುತ್ತೇನೆ. ಸೋಡಿಯಂ ಸಿಟ್ರೇಟ್ 173 ಗ್ರಾಂ ಮತ್ತು ನಿರ್ಜಲ ಸೋಡಿಯಂ ಕಾರ್ಬೋನೇಟ್ 100 ಗ್ರಾಂ, ಇವನ್ನು ಸುಮಾರು 800 ಮಿಲಿಲೀಟರ್ ಬೆಚ್ಚಗಿನ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಿ. 17.3 ಗ್ರಾಂ ತಾಮ್ರದ ಸಲ್ಫೇಟ್ ಹರಳುಗಳನ್ನು ಬೇರೆಯಾಗಿ 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಮೊದಲಿನದಕ್ಕೆ ನಿಧಾನವಾಗಿ ಕಲಕುತ್ತ ಸುರಿಯಿರಿ. ಒಟ್ಟು ಒಂದು ಲೀಟರ್ ಆಗುವಷ್ಟು ನೀರು ಸೇರಿಸಿ. ಫೇಲಿಂಗ್ ದ್ರಾವಣದಂತೆ ಆಗಾಗ ಬೆರೆಸಿಕೊಳ್ಳಬೇಕಾಗಿಲ್ಲ, ಬಹುಕಾಲ ಕೆಡದೆ ಇರುತ್ತದೆ. ಪೊಟ್ಟಣ ಬೇರೆಯವರಿಂದ ಕಟ್ಟಿಸಿ. ನಂಬರನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಸಿ.